ಪ್ರಕಾಶ್ ಪಡುಕೋಣೆ ಯಾವ ಸಾಲಿನವರು?

ನಮ್ಮ ಸಂಪಿಗೆ ಊರನ್ನು ಹಿರಿಯರು ಚಂಪಕಪುರಿ ಎಂದೇ ಹೇಳಿಕೊಂಡು ಬಂದಿದ್ದಾರೆ. ಹಂಸಧ್ವಜ ಆಳಿದ ಪಟ್ಟಣ, ಸುಧನ್ವನ ಊರು. ಧರ್ಮರಾಯನ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ್ದು ಇಲ್ಲೇ, ಯುದ್ಧಕ್ಕೆ ತಡವಾಗಿ ಬಂದನೆಂದು ರಾಜ ಹೆತ್ತ ಮಗ ಸುಧನ್ವನನ್ನೇ ಕಾದೆಣ್ಣೆಯ ಕೊಪ್ಪರಿಗೆಗೆ ಹಾಕಿಸಿದ್ದು ಇಲ್ಲೇ, ಎಣ್ಣೆ ಕಾದಿದೆಯೋ ಇಲ್ಲವೋ ನೋಡೋಣವೆಂದು ಎಸೆದ ತೆಂಗಿನಕಾಯಿ ಸಿಡಿದು ಪುರೋಹಿತರಾದ ಶಂಖ, ಲಿಖಿತರ ಹಣೆಗೆ ಬಡಿದದ್ದೂ ಇಲ್ಲೇ ಎಂಬುದು ಈ ಸೀಮೆಯ ನಂಬಿಕೆ. ತೆಂಗಿನ ನಾಡಿಗೆ ಆ ಕಾಯಿಯ ಕಥೆ ಬಹಳ ಪ್ರೀತಿಯದು.

ಕೊಪ್ಪರಿಗೆಯಿಂದ ಬದುಕಿ ಬಂದು ಅರ್ಜುನನ ಎದುರು ನಿಂತರೂ ಕೊನೆಗೆ ಸುಧನ್ವ ಸೋಲುತ್ತಾನೆ. ಮೂರೇ ಬಾಣದಲ್ಲಿ ನಿನ್ನನ್ನು ಕೆಡವುತ್ತೇನೆಂದು ಅರ್ಜುನನ ಶಪಥ, ಮೂರನ್ನೂ ಕತ್ತರಿಸುತ್ತೇನೆಂದು ಸುಧನ್ವನ ಶಪಥ. ಅರ್ಜುನನ ತೇರಿನಲ್ಲಿ ಸಾಕ್ಷಾತ್ ಕೃಷ್ಣ ಕೂತಿದ್ದಾನೆ, ತನ್ನ ಪುಣ್ಯವನ್ನೇ ಆ ಬಾಣಗಳಿಗೆ ಧಾರೆ ಎರೆಯುತ್ತಾನೆ. ಆದರೂ ಮೂರೂ ಬಾಣ ತುಂಡಾಗುತ್ತವೆ. ಮೂರನೆಯದರ ಮುಂದಿನ ತುಂಡು ಹಾರಿ ಬಂದು ಸುಧನ್ವನ ತಲೆ ತೆಗೆಯುತ್ತದೆ. ಗೆದ್ದವನು ಅರ್ಜುನ. ಆದರೆ ಲಕ್ಷ್ಮೀಶನ ಕಾವ್ಯ ಕೇಳಿದವರು, ಸುಧನ್ವ ಕಾಳಗದ ಆಟ ನೋಡಿದವರು, ಆ ದಿನದ ದೊಡ್ಡ ಬಿಲ್ಲುಗಾರ ಯಾರೆಂದು ಕೇಳಿದರೆ ಅರ್ಜುನನ ಹೆಸರು ಹೇಳುವುದಿಲ್ಲ. ಎದುರಿಗೆ ಯಾರಿದ್ದರು, ಅವರ ಬೆನ್ನಿಗೆ ಯಾರಿದ್ದರು, ಇವನು ಏನಿಟ್ಟುಕೊಂಡು ಕಾದಾಡಿದ ಎಂದು ನೋಡಿ ತೂಕ ಹೇಳುತ್ತಾರೆ.

ಆಟಗಾರರನ್ನು ತೂಗುವಾಗ ಈ ವಿವೇಕವನ್ನು ನಾವು ಮರೆಯುತ್ತಿದ್ದೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಸಂಜೆ ಲೈಟು ಹಾಕಿಕೊಂಡು ಷಟಲ್ ಆಡುವ ಹುಡುಗರು ನನಗೆ ಇಷ್ಟ. ಆಟ ಮುಗಿದ ಮೇಲೆ ಅವರಾಡುವ ಚರ್ಚೆಯೂ ಇಷ್ಟ. ಆದರೆ ಅವರ ಒಂದು ಮಾತು ನನ್ನನ್ನು ಕೆಣಕುತ್ತಲೇ ಇದೆ. “ಪ್ರಕಾಶ್ ಪಡುಕೋಣೆ ದೊಡ್ಡೋರೇ, ಬಿಡಿ ಮೇಷ್ಟ್ರೇ. ಆದ್ರೆ ಆಲ್ ಇಂಗ್ಲೆಂಡ್ ಗೆದ್ದಿದ್ದು ಒಂದೇ ಸಲ. ವಿಶ್ವ ಚಾಂಪಿಯನ್ ಆಗ್ಲಿಲ್ಲ, ಒಲಿಂಪಿಕ್ಸ್ ಪದಕ ಇಲ್ಲ. ಸಿಂಧು ಹತ್ರ ಎಲ್ಲಾ ಇದೆ. ಸಾರ್ವಕಾಲಿಕ ಶ್ರೇಷ್ಠ ಅಂದ್ರೆ ಹೆಂಗೆ ಒಪ್ಪೋದು?” ಪ್ರಶ್ನೆ ಪ್ರಾಮಾಣಿಕವಾದದ್ದು. ಹಿರಿಯರಿಗೆ ಗೌರವ ಕೊಡಿ ಎಂದು ಹುಡುಗರ ಬಾಯಿ ಮುಚ್ಚಿಸುವುದು ಉತ್ತರವಲ್ಲ. ಲೆಕ್ಕಕ್ಕೆ ಲೆಕ್ಕ ಕೊಡಬೇಕು.

ಈ ಬಗೆಯ ವಾದವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಆಡಿದವರು ಬಾಕ್ಸಿಂಗ್ ಪ್ರಿಯರು. ಅವರ ಅಳತೆಗೋಲುಗಳನ್ನು ಒಮ್ಮೆ ಕೈಗೆತ್ತಿಕೊಂಡರೆ ನಮಗೆ ಉಪಯೋಗ. ರಾಕಿ ಮಾರ್ಸಿಯಾನೊ 49 ಕಾಳಗ ಆಡಿ 49ನ್ನೂ ಗೆದ್ದು 1956ರಲ್ಲಿ ನಿವೃತ್ತನಾದ. ಮುಹಮ್ಮದ್ ಅಲಿ 56 ಗೆದ್ದು 5 ಸೋತ. ಬರೀ ಅಂಕಿ ನೋಡಿದರೆ ಮಾರ್ಸಿಯಾನೊ ಮೇಲೆ ನಿಲ್ಲಬೇಕು. ಆದರೆ ಅವನು 1951ರಲ್ಲಿ ಉರುಳಿಸಿದ ಜೋ ಲೂಯಿಗೆ ಆಗ 37 ವರ್ಷ, ಮೈ ದಣಿದಿತ್ತು. ಅಲಿ 1974ರಲ್ಲಿ ಕಿನ್ಶಾಸಾದಲ್ಲಿ ಎದುರಿಸಿದ ಜಾರ್ಜ್ ಫೋರ್ಮನ್ ಆ ಹೊತ್ತಿಗೆ ಯಾರಿಂದಲೂ ಸೋಲದ, ಉಕ್ಕುವ ಪ್ರಾಯದ ಚಾಂಪಿಯನ್. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆ ಎಂದದ್ದಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಅಖಾಡದಿಂದ ಹೊರಗಿದ್ದು, ಮರಳಿ ಬಂದು, ಜೋ ಫ್ರೇಜಿಯರ್‌ಗೆ ಸೋತು, ಆಮೇಲೆ ಅದೇ ಫ್ರೇಜಿಯರ್‌ನನ್ನು ಎರಡು ಸಲ ಗೆದ್ದವನು ಅಲಿ. ಅವನ 5 ಸೋಲು ಅವನನ್ನು ಚಿಕ್ಕವನನ್ನಾಗಿ ಮಾಡಲಿಲ್ಲ.

ಇನ್ನೊಂದು ತುದಿಯಲ್ಲಿ ಲ್ಯಾರಿ ಹೋಮ್ಸ್ ಇದ್ದಾನೆ. ಸತತ 48 ಗೆಲುವು, ಏಳು ವರ್ಷ ಚಾಂಪಿಯನ್ ಪಟ್ಟ. ಆದರೂ ಅವನ ಹೆಸರು ಹೇಳುವಾಗ ಜನ ಒಂದು ಉಸಿರು ತಡೆಯುತ್ತಾರೆ. ಅವನ ಕಾಲದಲ್ಲಿ ಅವನಿಗೆ ಫ್ರೇಜಿಯರ್ ಸಿಗಲಿಲ್ಲ, ಫೋರ್ಮನ್ ಸಿಗಲಿಲ್ಲ, ಸಿಕ್ಕ ಅಲಿ ಮುದುಕನಾಗಿದ್ದ. ನಮ್ಮ ಮೇರಿ ಕೋಮ್ ಬಗ್ಗೆಯೂ ಇಂಥ ತಕರಾರು ಎದ್ದದ್ದುಂಟು: ಆಕೆ ಮೊದಮೊದಲ ವಿಶ್ವ ಪ್ರಶಸ್ತಿಗಳನ್ನು ಗೆದ್ದಾಗ ಹೆಂಗಸರ ಬಾಕ್ಸಿಂಗ್ ಇನ್ನೂ ಎಳೆಯದು ಎಂದು. ಆ ತಕರಾರಿಗೆ ಉತ್ತರ ಆಕೆಯ ಆಟದಲ್ಲೇ ಇದೆ. 2002ರಲ್ಲಿ ಗೆದ್ದವರು, ಮಕ್ಕಳನ್ನು ಹೆತ್ತು ಬಂದು, 2018ರಲ್ಲಿ ಆರನೆಯ ಬಾರಿ ವಿಶ್ವ ಚಾಂಪಿಯನ್ ಆದರು. 16 ವರ್ಷದ ಅಂತರದಲ್ಲಿ ಎದುರಾಳಿಗಳ ಒಂದು ತಲೆಮಾರೇ ಬದಲಾಗಿತ್ತು.

ಹಾಗಾದರೆ ನೋಡಬೇಕಾದದ್ದು ಇಷ್ಟು: ಯಾರನ್ನು ಗೆದ್ದರು, ಗೆದ್ದಾಗ ಎದುರಾಳಿ ಯಾವ ಪ್ರಾಯದಲ್ಲಿ ಯಾವ ಏರಿನಲ್ಲಿದ್ದ, ಎಷ್ಟು ಕಾಲ ಮೇಲಿದ್ದರು, ಸೋತ ಮೇಲೆ ಏನು ಮಾಡಿದರು. ಈಗ ಪ್ರಕಾಶ್ ಪಡುಕೋಣೆಯವರ ಲೆಕ್ಕ ತೆಗೆಯೋಣ.

ಹುಟ್ಟಿದ್ದು 1955ರ ಜೂನ್ 10. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು, ಮಗನಿಗೆ ರ‍್ಯಾಕೆಟ್ ಹಿಡಿಸಿದವರೂ ಅವರೇ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್‌ನ ಮದುವೆ ಛತ್ರವೇ ಅವರ ಕೋರ್ಟು. ಛತ್ರದಲ್ಲಿ ಮದುವೆ, ಮುಂಜಿ ಇದ್ದ ದಿನ ಆಟ ಇಲ್ಲ. ಶಾಲೆ ಬಿಟ್ಟ ಮೇಲೆ ಇವತ್ತು ಛತ್ರ ಖಾಲಿ ಇದೆಯೋ ಇಲ್ಲವೋ ಎಂದು ಕಾದು, ಇದ್ದರೆ ಓಡುವುದು. ಸಿಂಥೆಟಿಕ್ ನೆಲಹಾಸು, ಕೋಚ್, ಫಿಸಿಯೊ, ವಿಡಿಯೊ, ವಿಜ್ಞಾನ ಏನೂ ಇಲ್ಲ. ರಾಜ್ಯ ಜೂನಿಯರ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತ ಹುಡುಗ ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದ. ರೂಡಿ ಹಾರ್ತೊನೊ ಎಂಬ ಇಂಡೊನೇಷ್ಯಾದ ದೈತ್ಯನ ಆಟ ನೋಡಿದ ಮೇಲೆ ತನ್ನ ಆಟದ ವರಸೆಯನ್ನೇ ತಿದ್ದಿಕೊಂಡ. ಹದಿನಾರು ಹದಿನೇಳರ ಪ್ರಾಯದಲ್ಲಿ, ಒಂದೇ ವರ್ಷ, ರಾಷ್ಟ್ರದ ಜೂನಿಯರ್ ಪಟ್ಟವನ್ನೂ ಸೀನಿಯರ್ ಪಟ್ಟವನ್ನೂ ಗೆದ್ದ. ಆಮೇಲೆ ಆ ದಶಕ ಕಳೆಯುವವರೆಗೆ ದೇಶದೊಳಗೆ ಅವರನ್ನು ಅಲುಗಿಸುವವರು ಇರಲಿಲ್ಲ.

1978ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ. 1979ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಚಾಂಪಿಯನ್ನರ ಕೂಟದಲ್ಲಿ ಗೆಲುವು. ಆಮೇಲೆ ಬಂತು 1980.

ಆ ವರ್ಷದ ವಸಂತವನ್ನು ನಿಧಾನವಾಗಿ ನೋಡಬೇಕು. ಮೊದಲು ಡೆನ್ಮಾರ್ಕ್ ಓಪನ್: ಗೆಲುವು. ಆಮೇಲೆ ಸ್ವೀಡನ್ ಓಪನ್: ಅಲ್ಲಿ ಫೈನಲ್‌ನಲ್ಲಿ ಎದುರಿಗಿದ್ದವರು, ಯಾರನ್ನು ನೋಡಿ ಆಟ ಕಲಿತರೋ ಅದೇ ಹಾರ್ತೊನೊ. ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಎಂಟು ಬಾರಿ ಗೆದ್ದವರು. ಹೌದು, ಆಗ ಅವರಿಗೆ 30 ದಾಟಿತ್ತು. ಆದರೆ ಅದೇ ವರ್ಷ ಜಕಾರ್ತಾದಲ್ಲಿ ವಿಶ್ವ ಚಾಂಪಿಯನ್ ಆದವರೂ ಇದೇ ಹಾರ್ತೊನೊ ಎಂಬುದನ್ನು ಮರೆಯಬಾರದು. ಅಂದರೆ ಪ್ರಕಾಶ್ ಗೆದ್ದದ್ದು ಮುಗಿದುಹೋದ ಆಟಗಾರನನ್ನಲ್ಲ.

ಮಾರ್ಚ್ 23ರಂದು ವೆಂಬ್ಲಿ ಅರೀನಾದಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಲಿಯೆಮ್ ಸ್ವೀ ಕಿಂಗ್. 1978 ಮತ್ತು 1979ರ ಚಾಂಪಿಯನ್, ಮೂರನೆಯದಕ್ಕೆ ಬಂದಿದ್ದ. ಪ್ರಕಾಶ್‌ಗಿಂತ ಕಿರಿಯ, ನೆಲ ಬಿಟ್ಟು ಜಿಗಿದು ಹೊಡೆಯುವ ಅವನ ಸ್ಮ್ಯಾಷ್‌ಗೆ ಜಗತ್ತೇ ನಡುಗುತ್ತಿದ್ದ ಕಾಲ. ಪ್ರಕಾಶ್ ಅವನ ವೇಗಕ್ಕೆ ವೇಗ ಕೊಡಲಿಲ್ಲ. ಷಟಲ್ಲನ್ನು ಎತ್ತರಕ್ಕೆ ತೇಲಿಸಿ ಹಿಂದಕ್ಕೆ ಕಳಿಸುವುದು, ಹೊಡೆಯುವ ಭಂಗಿಯಲ್ಲೇ ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ನೆಟ್ಟಿನ ಪಕ್ಕ ಬೀಳಿಸುವುದು, ಅರ್ಧ ಬಲದ ಸ್ಮ್ಯಾಷ್‌ನಲ್ಲಿ ಕಾಲು ತಡವರಿಸುವಂತೆ ಮಾಡುವುದು. ಜಿಗಿಯಲು ಹದವಾದ ಒಂದು ಷಟಲ್ಲೂ ಕಿಂಗ್‌ಗೆ ಸಿಗದಂತೆ ನೋಡಿಕೊಂಡರು. 15-3, 15-10. ಇವತ್ತಿನ ಹುಡುಗರಿಗೆ ಈ ಅಂಕಿಯ ಭಾರ ಗೊತ್ತಾಗಬೇಕಾದರೆ ಒಂದು ಸಂಗತಿ ತಿಳಿದಿರಬೇಕು. ಆಗ ಸರ್ವ್ ಮಾಡಿದವನಿಗೆ ಮಾತ್ರ ಪಾಯಿಂಟು. ಎದುರಾಳಿಯ ಸರ್ವ್ ಮುರಿದರೆ ಸರ್ವ್ ಮಾತ್ರ ನಿಮ್ಮದಾಗುತ್ತಿತ್ತು, ಪಾಯಿಂಟ್ ಬರುತ್ತಿರಲಿಲ್ಲ. ಪ್ರತಿ ರ‍್ಯಾಲಿಗೂ ಪಾಯಿಂಟ್ ಕೊಡುವ ಈಗಿನ 21ರ ಪದ್ಧತಿ ಬಂದದ್ದು 2006ರಲ್ಲಿ. ಹಳೆಯ ಪದ್ಧತಿಯಲ್ಲಿ ಹಾಲಿ ಚಾಂಪಿಯನ್ನನನ್ನು ಮೂರು ಪಾಯಿಂಟಿಗೆ ಕಟ್ಟಿಹಾಕಿದರೆಂದರೆ, ಆಟದ ಲಗಾಮು ಪೂರಾ ಒಬ್ಬರ ಕೈಯಲ್ಲಿತ್ತು ಎಂದರ್ಥ.

1899ರಲ್ಲಿ ಶುರುವಾದ ಆ ಪಂದ್ಯಾವಳಿಯ ಸಿಂಗಲ್ಸ್ ಪ್ರಶಸ್ತಿಯನ್ನು ಅದಕ್ಕೆ ಮುಂಚೆ ಯಾವ ಭಾರತೀಯನೂ ಗೆದ್ದಿರಲಿಲ್ಲ. 1947ರಲ್ಲಿ ಪ್ರಕಾಶ್ ನಾಥ್ ಫೈನಲ್ ಮುಟ್ಟಿ ಸ್ವೀಡನ್ನಿನ ಕಾನಿ ಜೆಪ್ಸನ್‌ಗೆ ಸೋತಿದ್ದರು. ವಿಶ್ವ ಚಾಂಪಿಯನ್‌ಷಿಪ್ ಹುಟ್ಟಿದ್ದೇ 1977ರಲ್ಲಿ, ಅಲ್ಲಿಯವರೆಗೆ ಆಲ್ ಇಂಗ್ಲೆಂಡ್ ಗೆದ್ದವನೇ ಲೋಕದ ಕಣ್ಣಿಗೆ ವಿಶ್ವ ಚಾಂಪಿಯನ್. ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್‌ಗೆ ಪದಕ ಸಿಕ್ಕಿದ್ದು 1992ರ ಬಾರ್ಸಿಲೋನಾದಿಂದ. ಪ್ರಕಾಶ್ ನಿವೃತ್ತರಾದದ್ದು 1991ರಲ್ಲಿ. ಆದ್ದರಿಂದ “ಒಲಿಂಪಿಕ್ಸ್ ಪದಕ ಇಲ್ಲ” ಎಂಬ ಮಾತನ್ನು ಚರ್ಚೆಯಿಂದಲೇ ತೆಗೆದುಹಾಕಬೇಕು. ಇಲ್ಲದ ಬಾಗಿಲನ್ನು ದಾಟಲಿಲ್ಲ ಎಂದು ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

ಪ್ರಕಾಶ್ ವಿರುದ್ಧ ಇರುವ ನಿಜವಾದ ವಾದ ಬೇರೆಯೇ ಇದೆ, ಅದನ್ನು ನಮ್ಮ ಹುಡುಗರು ಎತ್ತುವುದೇ ಇಲ್ಲ. ಅದು ಚೀನಾದ ವಾದ. 1980ರಲ್ಲಿ ಚೀನಾ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ನಿನಲ್ಲಿ ಇರಲೇ ಇಲ್ಲ. ತೈವಾನ್ ಪ್ರಶ್ನೆಯಿಂದ ಹುಟ್ಟಿದ ಜಗಳದಲ್ಲಿ 1978ರಲ್ಲಿ ಪ್ರತಿಸ್ಪರ್ಧಿ ವಿಶ್ವ ಸಂಸ್ಥೆಯೊಂದೇ ತಲೆಯೆತ್ತಿತ್ತು. ಎರಡೂ ಒಂದಾದದ್ದು 1981ರಲ್ಲಿ. ಅಂದರೆ ಪ್ರಕಾಶ್ ಗೆದ್ದ ಆಲ್ ಇಂಗ್ಲೆಂಡ್‌ನಲ್ಲಿ ಚೀನಾದ ಒಬ್ಬ ಆಟಗಾರನೂ ಇರಲಿಲ್ಲ. ಲ್ಯಾರಿ ಹೋಮ್ಸ್ ಮೇಲೆ ಬಂದ ಅನುಮಾನವೇ ಇದು: ಕಣದಲ್ಲಿ ಎಲ್ಲರೂ ಇದ್ದರೇ?

ಈ ವಾದಕ್ಕೆ ಎರಡು ಉತ್ತರ. ಹಾರ್ತೊನೊನ ಎಂಟು ಪ್ರಶಸ್ತಿಗಳೂ ಚೀನಾ ಇಲ್ಲದ ಕಣದಲ್ಲೇ ಬಂದವು. ಹೋ ಜಿಯಾಚಾಂಗ್, ಟಾಂಗ್ ಷಿಯಾನ್‌ಹು ಎಂಬ ಇಬ್ಬರು ಚೀನೀ ಆಟಗಾರರು ಯುರೋಪಿನವರನ್ನು ಮಣ್ಣು ಮುಕ್ಕಿಸಿದ್ದರೂ ಆಲ್ ಇಂಗ್ಲೆಂಡ್‌ನಲ್ಲಿ ಆಡುವ ಯೋಗ ಅವರಿಗಿರಲಿಲ್ಲ. ಆ ಕಾರಣಕ್ಕೆ ಹಾರ್ತೊನೊನನ್ನು ಶ್ರೇಷ್ಠರ ಪಟ್ಟಿಯಿಂದ ಯಾರೂ ಇಳಿಸಿಲ್ಲ. ಪ್ರಕಾಶ್‌ಗೆ ಮಾತ್ರ ಬೇರೆ ತಕ್ಕಡಿ ಯಾಕೆ?

ಎರಡನೆಯ ಉತ್ತರವನ್ನು ಪ್ರಕಾಶ್ ಅವರೇ ಕೊಟ್ಟಿದ್ದಾರೆ, 1981ರಲ್ಲಿ, ಕ್ವಾಲಾಲಂಪುರದಲ್ಲಿ. ಚೀನಾ ಒಳಗೆ ಬಂದ ಮೇಲೆ ನಡೆದ ವಿಶ್ವಕಪ್ಪಿನ ಫೈನಲ್. ಎದುರಿಗೆ ಚೀನಾದ ಹಾನ್ ಜಿಯಾನ್. ಮೊದಲ ಗೇಮ್ 15-0. ಒಂದು ಪಾಯಿಂಟೂ ಇಲ್ಲ. ಎರಡನೆಯದರಲ್ಲಿ ಹಾನ್ ಜಿಯಾನ್ ಹಲ್ಲು ಕಚ್ಚಿ ಹೋರಾಡಿದ, 18-16ಕ್ಕೆ ಪ್ರಕಾಶ್ ಮುಗಿಸಿದರು. ಈ ಹಾನ್ ಜಿಯಾನ್ ಸಾಮಾನ್ಯನಲ್ಲ. 1985ರಲ್ಲಿ ಕ್ಯಾಲ್ಗರಿಯಲ್ಲಿ ವಿಶ್ವ ಚಾಂಪಿಯನ್ ಆದವನು ಅವನೇ. ನನ್ನ ಮಟ್ಟಿಗೆ ಪ್ರಕಾಶ್ ಅವರ ಬಾಳಿನ ಅತಿ ದೊಡ್ಡ ಗೆಲುವು ವೆಂಬ್ಲಿಯದಲ್ಲ, ಕ್ವಾಲಾಲಂಪುರದ್ದು. ವೆಂಬ್ಲಿಯ ಗೆಲುವಿನ ಮೇಲೆ ಬೀಳಬಹುದಾಗಿದ್ದ ನೆರಳನ್ನು ಅಳಿಸಿದ್ದು ಅದು. ಶಾಲೆಯ ಪುಸ್ತಕಗಳಲ್ಲಿ ಆಲ್ ಇಂಗ್ಲೆಂಡ್ ಮಾತ್ರ ಬರುವುದು, ಇದು ಬಾರದಿರುವುದು ನನಗೆ ನೋವಿನ ಸಂಗತಿ.

ಅಭಿಮಾನಿಯಾದವನು ಇನ್ನೊಂದು ಕಡೆಯ ಲೆಕ್ಕವನ್ನೂ ಮುಚ್ಚಿಡಬಾರದು. 1981ರ ಆಲ್ ಇಂಗ್ಲೆಂಡ್ ಫೈನಲ್‌ಗೆ ಮತ್ತೆ ಹೋದ ಪ್ರಕಾಶ್, ಈ ಸಲ ಅದೇ ಲಿಯೆಮ್ ಸ್ವೀ ಕಿಂಗ್‌ಗೆ ಸೋತರು. 1980ರ ಆಸುಪಾಸಿನಲ್ಲೇ ರಾಷ್ಟ್ರೀಯ ಪಟ್ಟವನ್ನು ಸೈಯದ್ ಮೋದಿ ಎಂಬ ತರುಣ ಅವರಿಂದ ಕಸಿದುಕೊಂಡ, ಮುಂದೆ ಎಂಟು ವರ್ಷ ಅದನ್ನು ಬಿಟ್ಟುಕೊಡಲಿಲ್ಲ. 1983ರಲ್ಲಿ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪ್ರಕಾಶ್ ಸೆಮಿಫೈನಲ್ ತಲುಪಿದರು, ಅಲ್ಲಿ ಇಂಡೊನೇಷ್ಯಾದ ಇಚುಕ್ ಸುಗಿಯಾರ್ತೊ ತಡೆದ. ಸಿಕ್ಕಿದ್ದು ಕಂಚು. ಆ ಪದಕ ಭಾರತಕ್ಕೆ ಮೊದಲನೆಯದು, ಗಂಡಸರ ಸಿಂಗಲ್ಸ್‌ನಲ್ಲಿ ಇನ್ನೊಂದು ಪದಕ ಬರಲು 2019ರವರೆಗೆ ಕಾಯಬೇಕಾಯಿತು. ಆದರೂ ಕಂಚು ಕಂಚೇ. ಶಿಖರದ ತುದಿಯಲ್ಲಿ ಅವರು ನಿಂತ ಕಾಲ ಹಾರ್ತೊನೊ ನಿಂತಷ್ಟು ಉದ್ದದ್ದಲ್ಲ. ಎರಡು ವರ್ಷ ಎನ್ನಬಹುದು, ಸ್ವಲ್ಪ ಧಾರಾಳವಾದರೆ ಮೂರು.

ಇಲ್ಲಿ ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಡೆನ್ಮಾರ್ಕಿನ ಮಾರ್ಟೆನ್ ಫ್ರಾಸ್ಟ್ ನಾಲ್ಕು ಆಲ್ ಇಂಗ್ಲೆಂಡ್ ಗೆದ್ದರು, ವಿಶ್ವ ಚಾಂಪಿಯನ್ ಎಂದೂ ಆಗಲಿಲ್ಲ. ಮಲೇಷ್ಯಾದ ಲೀ ಚಾಂಗ್ ವೀ ಕೂಡ ಹಾಗೆಯೇ: ನಾಲ್ಕು ಆಲ್ ಇಂಗ್ಲೆಂಡ್, ಮೂರು ಒಲಿಂಪಿಕ್ಸ್‌ನಲ್ಲಿ ಮೂರು ಬೆಳ್ಳಿ, ಚಿನ್ನ ಇಲ್ಲ, ವಿಶ್ವ ಕಿರೀಟ ಇಲ್ಲ. ಲಿನ್ ಡಾನ್ ಎಂಬ ಚೀನೀ ಆಟಗಾರ ಅದೇ ಕಾಲದಲ್ಲಿ ಹುಟ್ಟಿದ್ದ, ಅಷ್ಟೇ. ಲೀ ಚಾಂಗ್ ವೀಯನ್ನು ಶ್ರೇಷ್ಠನಲ್ಲ ಎನ್ನುವವರನ್ನು ನಾನು ಕಂಡಿಲ್ಲ. ಪದಕದ ಪೆಟ್ಟಿಗೆ ನೋಡಿ ಆಟಗಾರನ ಎತ್ತರ ಹೇಳಲಾಗದು ಎಂಬುದಕ್ಕೆ ಇವರಿಬ್ಬರೇ ಸಾಕು.

ಕಾಲದ ವಿಷಯಕ್ಕೆ ಬಂದರೆ, ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಯಿ ಕೆಡವಿದ ದಿನವೇ ಉಂಡೆ ಕೊಬ್ಬರಿಯ ದರ ಹೇಳುವವರನ್ನು ತಿಪಟೂರು ಮಾರುಕಟ್ಟೆಯಲ್ಲಿ ಯಾರೂ ನಂಬುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ, ಅಲ್ಲಾಡಿಸಿದಾಗ ಒಳಗೆ ಗಿಟುಕು ಉರುಳುವ ಸದ್ದು ಬಂದ ಮೇಲೆ ಒಡೆದು ನೋಡಿ ಮಾತಾಡಬೇಕು. ಆಟಗಾರನ ಹೆಸರಿಗೂ ಅಷ್ಟು ಅವಧಿ ಬೇಕು. ಪ್ರಕಾಶ್ ಗೆದ್ದು 40 ವರ್ಷ ದಾಟಿದೆ. ಅವರ ನಂತರ ಆಲ್ ಇಂಗ್ಲೆಂಡ್ ಗೆದ್ದ ಭಾರತೀಯ ಪುಲ್ಲೇಲ ಗೋಪಿಚಂದ್, 2001ರಲ್ಲಿ, ಅವರೂ ಪ್ರಕಾಶ್ ಅವರ ಗರಡಿಯಲ್ಲಿ ಪಳಗಿದವರು. 2015ರಲ್ಲಿ ಸೈನಾ ನೆಹ್ವಾಲ್, 2022ರಲ್ಲಿ ಲಕ್ಷ್ಯ ಸೇನ್ ಫೈನಲ್‌ವರೆಗೆ ಹೋಗಿ ಸೋತರು. ಸರ್ಕಾರದ ನೆರವು, ವಿದೇಶಿ ಕೋಚ್‌ಗಳು, ಹತ್ತಾರು ಅಕಾಡೆಮಿಗಳು ಬಂದ ಮೇಲೂ ಆ ಬಾಗಿಲು ಎಷ್ಟು ಬಿಗಿಯಾಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಮದುವೆ ಛತ್ರದಲ್ಲಿ ಕಲಿತವರು ಅದನ್ನು ತೆರೆದಿದ್ದರು.

1994ರಲ್ಲಿ ವಿಮಲ್ ಕುಮಾರ್ ಮುಂತಾದವರ ಜೊತೆಗೂಡಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದ್ದನ್ನೂ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಬೆನ್ನಿಗೆ ಕೋಚ್ ಆಗಿ ಕೂತದ್ದನ್ನೂ ಹಲವರು ಈ ವಾದದಲ್ಲಿ ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಅದು ದೊಡ್ಡ ಕೆಲಸ, ಅದಕ್ಕೆ ನಾಡು ಋಣಿ. ಆದರೆ ಅದು ಬೇರೆ ಖಾತೆ. ಕೋರ್ಟಿನೊಳಗಿನ ಆಟಗಾರನನ್ನು ಕೋರ್ಟಿನೊಳಗೆ ಮಾಡಿದ್ದರಿಂದಲೇ ಅಳೆಯಬೇಕು. ಪ್ರಕಾಶ್ ಅವರಿಗೆ ಆ ಹೆಚ್ಚುವರಿ ಅಂಕದ ಅಗತ್ಯವೂ ಇಲ್ಲ.

ಸಿಂಧು ಜೊತೆ ಹೋಲಿಸುವ ಹುಡುಗರಿಗೆ ಒಂದು ಮಾತು. 2019ರಲ್ಲಿ ವಿಶ್ವ ಚಾಂಪಿಯನ್, ರಿಯೋದಲ್ಲಿ ಬೆಳ್ಳಿ, ಟೋಕಿಯೋದಲ್ಲಿ ಕಂಚು: ಪದಕದ ತೂಕದಲ್ಲಿ ಆಕೆ ಮುಂದು, ಅನುಮಾನವೇ ಇಲ್ಲ. ಸಿಂಧುವನ್ನು ಎತ್ತರದಲ್ಲಿಡಲು ಪ್ರಕಾಶ್ ಅವರನ್ನು ಕೆಳಗಿಳಿಸಬೇಕಾಗಿಲ್ಲ. ಒಬ್ಬರು ದಾರಿ ಇಲ್ಲದ ಕಾಡಿನಲ್ಲಿ ನಡೆದರು, ಇನ್ನೊಬ್ಬರು ಆ ದಾರಿಯಲ್ಲಿ ಅವರಿಗಿಂತ ದೂರ ಹೋದರು. ಇಬ್ಬರೂ ಉಳಿಯುವವರು.

ನನ್ನ ತೀರ್ಪು ಹೀಗೆ. ಜಗತ್ತಿನ ಗಂಡಸರ ಸಿಂಗಲ್ಸ್‌ನ ಸಾರ್ವಕಾಲಿಕ ಮೊದಲ ಸಾಲಿನಲ್ಲಿ ರೂಡಿ ಹಾರ್ತೊನೊ, ಲಿನ್ ಡಾನ್ ಅಂಥವರು ಕೂರುತ್ತಾರೆ. ಹಲವು ವರ್ಷ, ಹಲವು ಕಿರೀಟ ಅವರ ಲೆಕ್ಕದಲ್ಲಿವೆ. ಪ್ರಕಾಶ್ ಪಡುಕೋಣೆ ಆ ಸಾಲಿನವರಲ್ಲ, ಹಾಗೆಂದು ಹೇಳುವುದು ಅವರಿಗೂ ಸಲ್ಲದ ಹೊಗಳಿಕೆ. ಆದರೆ ಅದರ ಹಿಂದಿನ ಸಾಲಿನಲ್ಲಿ, ತಮ್ಮ ಉತ್ತುಂಗದ ದಿನ ಯಾರನ್ನು ಬೇಕಾದರೂ ಸೋಲಿಸಬಲ್ಲವರಾಗಿದ್ದ, ಸೋಲಿಸಿಯೂ ತೋರಿಸಿದ ಆಟಗಾರರ ನಡುವೆ, ಅವರ ಜಾಗ ಭದ್ರ. ಹಾಲಿ ಆಲ್ ಇಂಗ್ಲೆಂಡ್ ಚಾಂಪಿಯನ್, ಆ ವರ್ಷದ ವಿಶ್ವ ಚಾಂಪಿಯನ್, ಮುಂದೊಂದು ದಿನ ವಿಶ್ವ ಚಾಂಪಿಯನ್ ಆಗಲಿದ್ದವನು, ಈ ಮೂವರನ್ನೂ ಎರಡು ವರ್ಷದ ಅವಧಿಯಲ್ಲಿ ಫೈನಲ್‌ಗಳಲ್ಲೇ ಮಣಿಸಿದವರನ್ನು ಶ್ರೇಷ್ಠರೆಂದು ಕರೆಯಲು ಹಿಂಜರಿಯಬೇಕಾಗಿಲ್ಲ. ಭಾರತದ ಗಂಡಸರ ಬ್ಯಾಡ್ಮಿಂಟನ್‌ನಲ್ಲಂತೂ ಅವರಿಗೆ ಸಮನಾದವರು ಈವರೆಗೆ ಬಂದಿಲ್ಲ.

ಷಟಲ್ ಆಡುವ ನಮ್ಮ ಹುಡುಗರಲ್ಲಿ ಒಂದು ಕೋರಿಕೆ. 1980ರ ಆ ಫೈನಲ್‌ನ ಚಿತ್ರತುಣುಕುಗಳು ಇಂದಿಗೂ ಫೋನಿನಲ್ಲಿ ಸಿಗುತ್ತವೆ. ಮುಂದಿನ ಸಲ ವಾದಕ್ಕೆ ಕೂರುವ ಮುಂಚೆ ಅವನ್ನು ಒಮ್ಮೆ ನೋಡಿ. ಕಿಂಗ್‌ನ ಜಿಗಿತವನ್ನಲ್ಲ, ಪ್ರಕಾಶ್ ಅವರ ಬಲಗೈ ಮಣಿಕಟ್ಟನ್ನು ನೋಡಿ.